ಕರೆಂಟ್ ಬಿಲ್ಲಿನ ತಕರಾರು: ಸೆಕ್ಷನ್ ಆಫೀಸಿನಿಂದ ಗ್ರಾಹಕರ ಆಯೋಗದವರೆಗೆ

ತಿಂಗಳಿಗೆ ನಾಲ್ಕೈದು ನೂರು ಬರುತ್ತಿದ್ದ ಬಿಲ್ಲು ಒಮ್ಮೆಲೇ ಆರು ಸಾವಿರ ಎಂದು ಬಂದರೆ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಗೊಣಗುತ್ತ ಪೂರ್ತಿ ಕಟ್ಟಿಬಿಡುತ್ತಾರೆ, ಇಲ್ಲವೇ ಸಿಟ್ಟಿಗೆ ಕಟ್ಟುವುದನ್ನೇ ನಿಲ್ಲಿಸುತ್ತಾರೆ. ಸುಮ್ಮನೆ ಕಟ್ಟಿದ ದುಡ್ಡು ತಾನಾಗಿ ವಾಪಸ್ ಬರುವುದಿಲ್ಲ. ಸುಮ್ಮನೆ ಕಟ್ಟದೆ ಕೂತರೆ ಲೈನ್‌ಮನ್ ಬಂದು ಫ್ಯೂಸ್ ತೆಗೆಯುತ್ತಾರೆ. ಇವೆರಡರ ನಡುವೆ ಕಾನೂನು ಒಂದು ಒಳ್ಳೆಯ ದಾರಿ ಇಟ್ಟಿದೆ. ಆ ದಾರಿಯಲ್ಲಿ ಪಟ್ಟು ಬಿಡದೆ ನಡೆಯಬೇಕು, ಅಷ್ಟೇ. ಪಟ್ಟು ಎಂದರೆ ಇಲ್ಲಿ ಗಟ್ಟಿ ದನಿಯ ಮಾತಿಗೆ ಬೆಲೆಯಿಲ್ಲ. ಪ್ರತಿ ಹೆಜ್ಜೆಯೂ ಕಾಗದದ ಮೇಲಿರಬೇಕು, ಪ್ರತಿ ಕಾಗದಕ್ಕೂ ತಾರೀಖು ಮತ್ತು ನಂಬರ್ ಇರಬೇಕು, ಮುಂದಿನ ಅರ್ಜಿಯಲ್ಲಿ ಹಿಂದಿನ ಅರ್ಜಿಯ ಉಲ್ಲೇಖ ಇರಬೇಕು.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳು ಬೆಸ್ಕಾಂ (ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ) ವ್ಯಾಪ್ತಿಯವು. ಹಾಗಾಗಿ ತಿಪಟೂರಿನ ತೋಟದ ಮನೆಯಾಗಲಿ, ಮುಳಬಾಗಿಲಿನ ಅಂಗಡಿಯಾಗಲಿ, ಚಿಂತಾಮಣಿಯ ಬಾಡಿಗೆ ಮನೆಯಾಗಲಿ, ಹತ್ತಬೇಕಾದ ಮೆಟ್ಟಿಲುಗಳು ಒಂದೇ. ಮೊಬೈಲ್ ಮತ್ತು ಇಂಟರ್ನೆಟ್ ಬಿಲ್ಲಿನ ದಾರಿ ಸ್ವಲ್ಪ ಬೇರೆ, ಅದನ್ನು ಕೊನೆಯ ಭಾಗದಲ್ಲಿ ಹೇಳಿದೆ.

ಮೊದಲು ಬಿಲ್ಲು ಓದಿ

ದೂರು ಕೊಡುವ ಮುನ್ನ ತಪ್ಪು ಎಲ್ಲಿದೆ ಎಂದು ನಿಮಗೇ ಗೊತ್ತಿರಬೇಕು. "ಬಿಲ್ಲು ಜಾಸ್ತಿ ಬಂದಿದೆ" ಎಂಬ ದೂರಿಗೆ "ಬಳಸಿದ್ದೀರಿ, ಬಂದಿದೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಚೀಟಿ ಮಾಸಿದ್ದರೆ ಬೆಸ್ಕಾಂ ಆ್ಯಪ್‌ನಲ್ಲಿ ಹಳೆಯ ಬಿಲ್ಲು ಸಿಗುತ್ತದೆ. ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ (ನಿಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಮತ್ತು ಅಕೌಂಟ್ ಐಡಿ ಎರಡನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಎಲ್ಲ ಕಾಗದಕ್ಕೂ ಇವು ಬೇಕು.

ಈಗ ಈ ತಿಂಗಳ ರೀಡಿಂಗ್‌ನಿಂದ ಹೋದ ತಿಂಗಳ ರೀಡಿಂಗ್ ಕಳೆಯಿರಿ. ಬಿಲ್ಲಿನಲ್ಲಿರುವ ಯೂನಿಟ್‌ಗೂ ಇದಕ್ಕೂ ಹೊಂದುತ್ತದೆಯೇ? ಬಿಲ್ಲಿನ ರೀಡಿಂಗ್‌ಗೂ ಮೀಟರ್ ಪರದೆಯಲ್ಲಿ ಇವತ್ತು ಕಾಣುವ ಅಂಕಿಗೂ ತಾಳೆಯಾಗುತ್ತದೆಯೇ? ಮೀಟರಿನ ಅಂಕಿ ಬಿಲ್ಲಿನ ಅಂಕಿಗಿಂತ ಕಡಿಮೆ ಇದ್ದರೆ ತಕರಾರು ಅರ್ಧ ಗೆದ್ದಂತೆ, ಏಕೆಂದರೆ ಅದು ನೇರವಾಗಿ ರೀಡಿಂಗ್ ತಪ್ಪು. ಕೂಡಲೇ ಮೀಟರ್ ನಂಬರ್, ಪರದೆಯ ಅಂಕಿ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಯಿರಿ. ಪರದೆ ವೋಲ್ಟೇಜು, ತಾರೀಖು, ಗರಿಷ್ಠ ಬೇಡಿಕೆ ಎಂದು ಒಂದೊಂದಾಗಿ ತೋರಿಸುತ್ತಿರುತ್ತದೆ. ಕೆಡಬ್ಲ್ಯುಎಚ್ (kWh, ಅಂದರೆ ಯೂನಿಟ್) ಎಂದು ಬರೆದ ಅಂಕಿ ಬಂದಾಗಲೇ ಫೋಟೋ ತೆಗೆಯಿರಿ.

ರೀಡಿಂಗ್ ಸರಿಯಿದ್ದರೆ ಮುಂದಿನ ಅನುಮಾನ ದಿನಗಳ ಮೇಲೆ. ಮನೆಗೆ ಬೀಗ ಇತ್ತೆಂದೋ ರೀಡರ್ ಬರಲಿಲ್ಲವೆಂದೋ ಎರಡು ತಿಂಗಳು ಸರಾಸರಿ ಬಿಲ್ಲು ಹಾಕಿ, ಮೂರನೇ ತಿಂಗಳು ಎಲ್ಲ ಯೂನಿಟ್ಟನ್ನೂ ಒಟ್ಟಿಗೆ ಸುರಿಯುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ ದೂರು. ಗೃಹಜ್ಯೋತಿ ಬಂದ ಮೇಲೆ ಇದರ ಪೆಟ್ಟು ದೊಡ್ಡದಾಗಿದೆ. ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿ ನಿಮ್ಮ ಉಚಿತ ಮಿತಿ ಗೊತ್ತುಮಾಡಿದ್ದಾರೆ. ಆಗ ಸರಾಸರಿ 80 ಯೂನಿಟ್ ಬಳಸುತ್ತಿದ್ದವರ ಮಿತಿ 88. ಒಂದು ತಿಂಗಳು 95 ಬಳಸಿದರೆ ಹೆಚ್ಚುವರಿ 7 ಯೂನಿಟ್‌ಗೆ ದುಡ್ಡು. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ತಿಂಗಳಿಗೆ 75ರಂತೆ ಮೂರು ತಿಂಗಳು ಬಳಸಿದ ಮನೆಗೆ 225 ಯೂನಿಟ್ ಒಂದೇ ತಿಂಗಳ ಲೆಕ್ಕದಲ್ಲಿ ಬಿದ್ದರೆ ಉಚಿತ ಸೌಲಭ್ಯವೇ ತಪ್ಪಿಹೋಗುತ್ತದೆ. ಇಲ್ಲಿ ಕೇಳಬೇಕಾದ್ದು ರಿಯಾಯಿತಿಯಲ್ಲ. "225 ಯೂನಿಟ್ಟನ್ನು ಬಳಕೆಯಾದ ಮೂರು ತಿಂಗಳಿಗೆ ಹಂಚಿ ಬಿಲ್ಲು ಪರಿಷ್ಕರಿಸಿ" ಎಂದು ಅದೇ ಮಾತಿನಲ್ಲಿ ಬರೆಯಿರಿ. ಕೇಂದ್ರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ತಾತ್ಕಾಲಿಕ ಬಿಲ್ಲು (ರೀಡಿಂಗ್ ಇಲ್ಲದೆ ಹಾಕಿದ ಬಿಲ್ಲು) ಕೊಡಬಾರದು ಎನ್ನುತ್ತದೆ. ಮನೆ ಬೀಗ ಹಾಕಿದ್ದರೆ ಗ್ರಾಹಕರೇ ಮೀಟರಿನ ಫೋಟೋ ಕಳಿಸಿ ರೀಡಿಂಗ್ ತಿಳಿಸಬಹುದು ಎಂದೂ ಅದರಲ್ಲಿದೆ.

ತಪ್ಪಲ್ಲದ್ದನ್ನು ತಪ್ಪೆಂದು ಜಗಳಕ್ಕೆ ಹೋಗಬೇಡಿ. ಬಿಲ್ಲಿಗೆ ವರ್ಷಕ್ಕೊಮ್ಮೆ ಸೇರುವ ಎಎಸ್‌ಡಿ ಹೆಚ್ಚುವರಿ ಭದ್ರತಾ ಠೇವಣಿ. ವರ್ಷದ ಬಳಕೆಯ ಎರಡು ತಿಂಗಳ ಸರಾಸರಿಯಷ್ಟು ಠೇವಣಿ ಇರಬೇಕು ಎಂಬ ನಿಯಮದಿಂದ ಅದು ಬರುತ್ತದೆ, ಅದಕ್ಕೆ ಬಡ್ಡಿಯೂ ಸಿಗಬೇಕು. ನಿಗದಿತ ಶುಲ್ಕ ಮಂಜೂರಾದ ಕಿಲೋವ್ಯಾಟ್ ಮೇಲೆ ಬೀಳುವಂಥದ್ದು, ಒಂದು ಯೂನಿಟ್ ಬಳಸದಿದ್ದರೂ ಬರುತ್ತದೆ. ಹಳೇ ಮನೆ ಕೊಂಡವರು ಬಿಲ್ಲಿನ "ಹಿಂಬಾಕಿ" ಸಾಲನ್ನು ಕೊಳ್ಳುವ ಮೊದಲೇ ನೋಡಬೇಕು. ಹಿಂದಿನ ಮಾಲೀಕರ ಬಾಕಿಯನ್ನು ಹೊಸಬರಿಂದ ಕೇಳಲು ನಿಯಮಗಳಲ್ಲಿ ಅವಕಾಶ ಇಡಬಹುದೆಂದು ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ.

ಮೀಟರ್ ಮೇಲೆ ಅನುಮಾನವೇ? ಮನೆಯಲ್ಲೇ ಮಾಡುವ ಪರೀಕ್ಷೆ

ಮೀಟರಿನಲ್ಲಿ ಕೆಂಪು ದೀಪ ಮಿಣುಕುತ್ತದೆ. ಪಕ್ಕದಲ್ಲೇ 3200 ಅಥವಾ 1600 ಎಂಬ ಅಂಕಿ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್.

ಮೊದಲಿಗೆ ಮೇನ್ ಸ್ವಿಚ್ ಆನ್ ಇಟ್ಟು, ಮನೆಯ ಎಲ್ಲ ಪ್ಲಗ್ ಕಿತ್ತು, ಎಲ್ಲ ಸ್ವಿಚ್ ಆರಿಸಿ ಐದು ನಿಮಿಷ ನೋಡಿ. ದೀಪ ಮಿಣುಕುತ್ತಿದ್ದರೆ ವೈರಿಂಗ್‌ನಲ್ಲಿ ಕರೆಂಟ್ ಸೋರುತ್ತಿದೆ, ಇಲ್ಲವೇ ನಿಮ್ಮ ಲೈನಿನಿಂದ ಬೇರೆ ಯಾರೋ ಎಳೆದುಕೊಂಡಿದ್ದಾರೆ. ಆಮೇಲೆ ಮೇನ್ ಸ್ವಿಚ್ ಕೂಡ ಆರಿಸಿ. ಆಗಲೂ ಮಿಣುಕಿದರೆ ದೋಷ ಮೀಟರಿನಲ್ಲೋ ಮೀಟರ್ ಮತ್ತು ಮೇನ್ ಸ್ವಿಚ್ ನಡುವಿನ ತಂತಿಯಲ್ಲೋ ಇದೆ. ಮೊದಲನೆಯದು ಎಲೆಕ್ಟ್ರಿಷಿಯನ್ ಕೆಲಸ, ಎರಡನೆಯದು ಬೆಸ್ಕಾಂ ಕೆಲಸ. ಇದನ್ನು ಬೇರ್ಪಡಿಸದೆ ದೂರು ಕೊಟ್ಟರೆ ವಾರಗಟ್ಟಲೆ ಅಲೆದಾಟ.

ಮೀಟರ್ ಓಡುವ ವೇಗ ನೋಡಲು ನೀರು ಕಾಯಿಸುವ 1000 ವ್ಯಾಟಿನ ರಾಡ್ ಒಳ್ಳೆಯದು. ಇಸ್ತ್ರಿಪೆಟ್ಟಿಗೆ ಬೇಡ, ಅದು ಬಿಸಿಯಾದಾಗ ತಾನೇ ಆಫ್ ಆಗಿ ಲೆಕ್ಕ ತಪ್ಪಿಸುತ್ತದೆ. ಪ್ಲಾಸ್ಟಿಕ್ ಬಕೆಟ್ ತುಂಬ ನೀರಿಗೆ ರಾಡ್ ಇಳಿಸಿ, ಉಳಿದದ್ದೆಲ್ಲ ಆರಿಸಿ, ಕಾಲು ಗಂಟೆ ಬಿಡಿ. ಆ ಹೊತ್ತಿನಲ್ಲಿ ನೀರನ್ನು ಮುಟ್ಟಬೇಡಿ. 3200ರ ಮೀಟರಿನಲ್ಲಿ ನಿಮಿಷಕ್ಕೆ ಸುಮಾರು 53 ಸಲ, ಕಾಲು ಗಂಟೆಗೆ 800 ಸಲ ಮಿಣುಕಬೇಕು. ಅದು 230 ವೋಲ್ಟಿನ ಲೆಕ್ಕ. ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಿ ವೋಲ್ಟೇಜು 200ಕ್ಕೆ ಇಳಿದಿದ್ದರೆ ಅದೇ ರಾಡ್ ಸುಮಾರು 756 ವ್ಯಾಟ್ ಮಾತ್ರ ಎಳೆಯುತ್ತದೆ, ದೀಪ ನಿಮಿಷಕ್ಕೆ 40 ಸಲ ಮಿಣುಕುತ್ತದೆ. ಆದ್ದರಿಂದ ಮೀಟರ್ ಪರದೆಯ ವೋಲ್ಟೇಜನ್ನೂ ಬರೆದುಕೊಳ್ಳಿ. ಹತ್ತು ಪರ್ಸೆಂಟ್ ಹೆಚ್ಚುಕಡಿಮೆಗೆ ಅರ್ಥವಿಲ್ಲ, ರಾಡಿನ ಮೇಲೆ ಬರೆದ ವ್ಯಾಟೇ ಅಷ್ಟು ನಿಖರವಲ್ಲ. ನಿಮಿಷಕ್ಕೆ 80 ಸಲ ಮಿಣುಕಿದರೆ ಮಾತ್ರ ಮೀಟರನ್ನು ಧೈರ್ಯವಾಗಿ ಅನುಮಾನಿಸಿ. ಮಿಣುಕುವುದನ್ನು ಗಡಿಯಾರ ಕಾಣುವಂತೆ ವಿಡಿಯೋ ಮಾಡಿಟ್ಟುಕೊಳ್ಳಿ.

ನಿಜವಾಗಿಯೂ ಬಳಕೆ ಏರಿರುವ ಮನೆಗಳೂ ಬೇಕಾದಷ್ಟಿವೆ. ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ಕೆಟ್ಟು ಒಂದು ಎಚ್‌ಪಿ ಮೋಟರ್ ರಾತ್ರಿ ಎಂಟು ಗಂಟೆ ಓಡಿದರೆ ಒಂದು ರಾತ್ರಿಗೇ ಏಳೆಂಟು ಯೂನಿಟ್. ಗೀಸರ್ ಕಾಯಿಲ್ ಸೋರುವುದು, ಫ್ರಿಡ್ಜ್ ಬಾಗಿಲಿನ ರಬ್ಬರ್ ಸಡಿಲವಾಗುವುದು ಕೂಡ ನೋಡತಕ್ಕ ಕಾರಣಗಳೇ.

ಅರ್ಜಿ: ಒಂದು ಪುಟ, ಒಂದು ಬೇಡಿಕೆ

1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ನಂಬರ್ ಬರೆದುಕೊಳ್ಳಿ. ಆದರೆ ಅಷ್ಟಕ್ಕೇ ನಿಲ್ಲುವವರೇ ಹೆಚ್ಚಾಗಿ ಸೋಲುವುದು. ಕರೆಂಟ್ ಹೋದಾಗ ಆ ನಂಬರ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಲ್ಲು ತಿದ್ದುವುದು ಮಾತ್ರ ಉಪವಿಭಾಗದ ಕಚೇರಿಯ ಲೆಕ್ಕ ಶಾಖೆಯಲ್ಲಿ. ಆದ್ದರಿಂದ ಅದೇ ದಿನವೋ ಮರುದಿನವೋ ಲಿಖಿತ ಅರ್ಜಿ ಕೊಡಿ. ಕನ್ನಡದಲ್ಲೇ ಬರೆಯಿರಿ. ಹೀಗೆ ಸಾಕು:

"ಇವರಿಗೆ, ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ (ವಿ), ಬೆಸ್ಕಾಂ, ______ ಉಪವಿಭಾಗ. ಮಾನ್ಯರೇ, ವಿಷಯ: ಆರ್‌ಆರ್ ನಂಬರ್ ______ರ ______ ತಿಂಗಳ ಬಿಲ್ಲಿನ ಪರಿಷ್ಕರಣೆ. ಉಲ್ಲೇಖ: 1912 ದೂರು ಸಂಖ್ಯೆ ______, ದಿನಾಂಕ ______. ಮೇಲ್ಕಂಡ ಬಿಲ್ಲಿನಲ್ಲಿ ಹಾಲಿ ರೀಡಿಂಗ್ 8,412 ಎಂದು ನಮೂದಾಗಿದೆ. ಬಿಲ್ಲು ಬಂದ ದಿನವೇ ತೆಗೆದ ಫೋಟೋದಲ್ಲಿ ಮೀಟರಿನ ರೀಡಿಂಗ್ 7,512 ಇದೆ. ಸ್ಥಳ ಪರಿಶೀಲಿಸಿ ಬಿಲ್ಲು ಪರಿಷ್ಕರಿಸಬೇಕೆಂದೂ ಅಲ್ಲಿಯವರೆಗೆ ಸಂಪರ್ಕ ಕಡಿತ ಮಾಡಬಾರದೆಂದೂ ಕೋರುತ್ತೇನೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ. ಲಗತ್ತು: ಬಿಲ್ಲಿನ ಪ್ರತಿ, ಫೋಟೋ, ಹಿಂದಿನ ಆರು ತಿಂಗಳ ಬಿಲ್ಲುಗಳು."

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ಸಹಿ, ತಾರೀಖು ಬೀಳದೆ ಅಲ್ಲಿಂದ ಏಳಬೇಡಿ. "ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ, ಇಟ್ಟುಹೋಗಿ" ಎಂದರೆ "ಟಪಾಲಿಗೆ ಕೊಡ್ತೀನಿ ಮೇಡಂ, ಸೀಲು ಹಾಕಿಕೊಡಿ" ಎಂದು ಸಮಾಧಾನವಾಗಿಯೇ ಕೇಳಿ. ಸೀಲು ಕೊಡಲೊಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿದೆ, ತಲುಪಿದ ದಾಖಲೆಯನ್ನು ಅದರಲ್ಲೇ ಪಡೆಯಬಹುದು. ಜೊತೆಗೆ ಇಮೇಲ್ ಕೂಡ ಹಾಕಿ. ಅಲ್ಲಿ ಎದುರಿಗೆ ಕೂತ ಸಿಬ್ಬಂದಿ ತಪ್ಪು ಮಾಡಿದವರಲ್ಲ ಎಂಬುದು ನೆನಪಿರಲಿ. ನಿಮ್ಮ ಕಡತವನ್ನು ಮುಂದಕ್ಕೆ ಕಳಿಸಬೇಕಾದವರು ಅವರೇ.

ಮೀಟರ್ ಮೇಲೆ ದೂರಾದರೆ ಬೇಡಿಕೆಯ ಸಾಲು ಬೇರೆ. 2020ರ ನಿಯಮದಂತೆ ದೂರು ಬಂದ 30 ದಿನದೊಳಗೆ ಮೀಟರ್ ಪರೀಕ್ಷಿಸಬೇಕು. 2024ರ ತಿದ್ದುಪಡಿಯಂತೆ ಐದು ದಿನದೊಳಗೆ ಇನ್ನೊಂದು ಮೀಟರ್ ಅಳವಡಿಸಿ ಕನಿಷ್ಠ ಮೂರು ತಿಂಗಳು ಬಳಕೆ ತಾಳೆ ನೋಡಬೇಕು. ಹಾಗಾಗಿ "ಮೀಟರ್ ಬದಲಿಸಿ" ಎಂದು ಬರೆಯಬೇಡಿ, "ಪರಿಶೀಲನಾ ಮೀಟರ್ ಅಳವಡಿಸಿ" ಎಂದು ಬರೆಯಿರಿ. ಹಳೆಯ ಮೀಟರನ್ನು ಪರೀಕ್ಷೆಯಿಲ್ಲದೆ ಕಿತ್ತೊಯ್ದರೆ ನಿಮ್ಮ ಸಾಕ್ಷಿಯೇ ಹೊರಟುಹೋಗುತ್ತದೆ. ಕೀಳಲು ಬಂದರೆ ಕೊನೆಯ ರೀಡಿಂಗ್ ಬರೆದ ಮಹಜರು ಪ್ರತಿ ಕೇಳಿ, ಫೋಟೋ ತೆಗೆಯಿರಿ.

ಫ್ಯೂಸ್ ಉಳಿಸಿಕೊಳ್ಳುವ ಕಲಮು

2003ರ ವಿದ್ಯುತ್ ಕಾಯ್ದೆಯ 56ನೇ ಕಲಮನ್ನು ಪ್ರತಿ ಗ್ರಾಹಕರೂ ತಿಳಿದಿರಬೇಕು. ಕಡಿತಕ್ಕೆ ಮುನ್ನ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಬಿಲ್ಲಿನ ಬಗ್ಗೆ ತಕರಾರಿದ್ದರೆ ಕೇಳಿದ ಪೂರ್ತಿ ಮೊತ್ತ, ಅಥವಾ ಹಿಂದಿನ ಆರು ತಿಂಗಳು ಕಟ್ಟಿದ ಸರಾಸರಿಯ ಲೆಕ್ಕದ ಮೊತ್ತ, ಇವೆರಡರಲ್ಲಿ ಕಡಿಮೆಯಾದ್ದನ್ನು ಪ್ರತಿಭಟನೆ ದಾಖಲಿಸಿ ಕಟ್ಟಿದರೆ, ತಕರಾರು ತೀರುವವರೆಗೆ ಕರೆಂಟ್ ಕತ್ತರಿಸುವಂತಿಲ್ಲ. ಬಿಲ್ಲು 6,240 ರೂಪಾಯಿ, ಆರು ತಿಂಗಳ ಸರಾಸರಿ 480 ಎಂದಾದರೆ 480 ಕಟ್ಟಿ.

ಎಡವುವುದು ಕಟ್ಟುವ ರೀತಿಯಲ್ಲಿ. ಆ್ಯಪ್‌ನಲ್ಲಿ ಕಟ್ಟಿದರೆ ಪ್ರತಿಭಟನೆ ಎಂದು ಬರೆಯಲು ಜಾಗವಿಲ್ಲ. ಚೆಕ್ ಅಥವಾ ಡಿಡಿ ತೆಗೆದು, "ಕಲಮು 56ರ ಪ್ರಕಾರ ಪ್ರತಿಭಟನೆಯೊಂದಿಗೆ ಪಾವತಿ" ಎಂಬ ಪತ್ರದ ಜೊತೆ ಕೊಟ್ಟು ಸೀಲು ಪಡೆಯಿರಿ. ಮುಂದಿನ ತಿಂಗಳ ಬಿಲ್ಲಿನಲ್ಲಿ ತಕರಾರಿನ ಮೊತ್ತ ಹಿಂಬಾಕಿಯಾಗಿ ಮತ್ತೆ ಬಂದೇ ಬರುತ್ತದೆ. ಹೆದರದೆ ಆ ತಿಂಗಳ ಬಳಕೆಯ ಹಣವನ್ನು ಮಾತ್ರ ಅದೇ ರೀತಿ ಕಟ್ಟುತ್ತ ಹೋಗಿ, ಒಂದು ತಿಂಗಳೂ ತಪ್ಪಿಸಬೇಡಿ. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ಲು ಬರುತ್ತಿದ್ದ ಮನೆಯವರು ಏನೂ ಕಟ್ಟದೆ ಕೂರುವ ಬದಲು ಸರಾಸರಿ ಯೂನಿಟ್‌ಗೆ ದರ ಹಾಕಿ ಕಟ್ಟುವುದು ಜಾಣತನ.

ಇದೇ ಕಲಮಿನ ಎರಡನೇ ಭಾಗ ಹಳೇ ಬಾಕಿಯದ್ದು. ಬಾಕಿ ಮೊದಲು ಕಟ್ಟಬೇಕಾಗಿ ಬಂದ ದಿನದಿಂದ ಎರಡು ವರ್ಷ ಕಳೆದಿದ್ದು, ನಡುವೆ ಬಿಲ್ಲುಗಳಲ್ಲಿ ಅದನ್ನು ಸತತವಾಗಿ ತೋರಿಸಿರದಿದ್ದರೆ ಅದನ್ನು ಈ ಕಲಮಿನಡಿ ವಸೂಲು ಮಾಡುವಂತಿಲ್ಲ. ಆದರೆ ಆಡಿಟ್‌ನಲ್ಲಿ ತಪ್ಪು ಪತ್ತೆಯಾಗಿ ಹೊಸದಾಗಿ ಕೇಳಿದ ಹಣದ ವಿಷಯ ಬೇರೆ. ಅದಕ್ಕಾಗಿ ಫ್ಯೂಸ್ ತೆಗೆಯುವಂತಿಲ್ಲ, ವಸೂಲಿಗೆ ಬೇರೆ ಕಾನೂನು ದಾರಿ ಹಿಡಿಯಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ವರ್ಷ ದಾಟಿತೆಂದು ಆ ಪತ್ರವನ್ನು ಮೂಲೆಗೆಸೆಯಬೇಡಿ, ಉತ್ತರ ಕೊಡಿ.

ಒಂದು ಎಚ್ಚರಿಕೆ ಮುಖ್ಯ. ಶಿಡ್ಲಘಟ್ಟದಲ್ಲಿ ಮನೆಯ ಮೀಟರಿನಲ್ಲೇ ರೇಷ್ಮೆ ರೀಲಿಂಗ್ ಮೋಟರ್ ಓಡಿಸಿದ್ದು, ಇಲ್ಲವೇ ಮನೆಯ ಸಂಪರ್ಕದಲ್ಲಿ ಅಂಗಡಿ ನಡೆಸಿದ್ದು ಪತ್ತೆಯಾದರೆ ಬರುವುದು ಸಾಮಾನ್ಯ ಬಿಲ್ಲಲ್ಲ, 126ನೇ ಕಲಮಿನ ತಾತ್ಕಾಲಿಕ ನಿರ್ಧಾರಣೆ, ಅಂದರೆ ಅನಧಿಕೃತ ಬಳಕೆಗೆ ಅಧಿಕಾರಿ ಅಂದಾಜಿಸಿ ಹಾಕುವ ಮೊತ್ತ. ದರ ಎರಡು ಪಟ್ಟು. ಅವಧಿ ಗೊತ್ತಾಗದಿದ್ದರೆ 12 ತಿಂಗಳಿಗೆ ಹಾಕುತ್ತಾರೆ. ಇದಕ್ಕೆ ಮೇಲೆ ಹೇಳಿದ ದಾರಿ ನಡೆಯುವುದಿಲ್ಲ, ಗ್ರಾಹಕರ ಆಯೋಗವೂ ಇದನ್ನು ಕೈಗೆತ್ತಿಕೊಳ್ಳುವುದಿಲ್ಲ. ನಿರ್ಧಾರಣೆ ಮಾಡಿದ ಅಧಿಕಾರಿಗೇ ಆಕ್ಷೇಪಣೆ ಸಲ್ಲಿಸಿ, ಅಂತಿಮ ಆದೇಶ ಬಂದ 30 ದಿನದೊಳಗೆ ಅರ್ಧ ಮೊತ್ತ ಕಟ್ಟಿ 127ನೇ ಕಲಮಿನಡಿ ಮೇಲ್ಮನವಿ ಹೋಗಬೇಕು. ಬಂದ ಪತ್ರದಲ್ಲಿ ಯಾವ ಕಲಮು ಬರೆದಿದೆ ಎಂದು ಮೊದಲು ನೋಡಿ.

ಉತ್ತರ ಬಾರದಿದ್ದರೆ ಮೇಲಿನ ಮೆಟ್ಟಿಲು

ಹದಿನೈದು ದಿನ ಕಾಯಿರಿ. ಉತ್ತರವಿಲ್ಲದಿದ್ದರೆ ವಿಭಾಗದ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ ಹಳೆಯ ಅರ್ಜಿಯ ಪ್ರತಿಯೊಂದಿಗೆ ಎರಡನೇ ಪತ್ರ. ಉಪವಿಭಾಗಗಳಲ್ಲಿ ನಡೆಯುವ ಗ್ರಾಹಕರ ಸಂವಾದ ಸಭೆಗೂ ಹೋಗಿ. ಮೇಲಧಿಕಾರಿ ಎದುರಿಗಿರುವುದರಿಂದ ಸಣ್ಣ ರೀಡಿಂಗ್ ತಪ್ಪುಗಳು ಅಲ್ಲೇ ತೀರುವುದುಂಟು. ಬಾಯಿಮಾತಿನ ಭರವಸೆ ಸಿಕ್ಕರೆ ಅದೇ ದಿನ "ಇಂದಿನ ಸಭೆಯಲ್ಲಿ ತಾವು ತಿಳಿಸಿದಂತೆ" ಎಂದು ಎರಡು ಸಾಲಿನ ಪತ್ರ ಹಾಕಿ ದಾಖಲೆ ಮಾಡಿಕೊಳ್ಳಿ.

ಅದೂ ಆಗದಿದ್ದರೆ ಜಿಲ್ಲೆಯ ವಿದ್ಯುತ್ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಕಾಯ್ದೆಯ 42(5)ನೇ ಕಲಮಿನಡಿ ರಚನೆಯಾದ ಈ ವೇದಿಕೆಯಲ್ಲಿ ವಕೀಲರು ಬೇಕಿಲ್ಲ. ಅರ್ಜಿಯ ಜೊತೆ ಇಲ್ಲಿಯವರೆಗಿನ ಎಲ್ಲ ಸೀಲು ಬಿದ್ದ ಪ್ರತಿಗಳು, ಹನ್ನೆರಡು ತಿಂಗಳ ಯೂನಿಟ್‌ಗಳ ಪಟ್ಟಿ, ಪಾವತಿ ರಸೀದಿಗಳು ಇರಲಿ. ತೀರ್ಪು ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ಕೆಇಆರ್‌ಸಿಯ (ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ) ವಿದ್ಯುತ್ ಒಂಬುಡ್ಸ್‌ಮನ್‌ಗೆ 30 ದಿನದೊಳಗೆ ಹೋಗಬೇಕು. ಈ ಗಡುವು ತಪ್ಪಿಸಿಕೊಂಡು ಒಳ್ಳೆಯ ಪ್ರಕರಣ ಕಳೆದುಕೊಳ್ಳುವುದು ನೋವಿನ ಸಂಗತಿ. ಆದೇಶ ಕೈಸೇರಿದ ದಿನವನ್ನು ಲಕೋಟೆಯ ಮೇಲೇ ಬರೆದಿಡಿ.

ಈ ನಡುವೆ ಮಾಹಿತಿ ಹಕ್ಕಿನ ಅರ್ಜಿ ಬಹಳ ಉಪಯುಕ್ತ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ. "ನನ್ನ ಬಿಲ್ಲು ಯಾಕೆ ಜಾಸ್ತಿ" ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂದು ವಾಪಸ್ ಬರುತ್ತದೆ. "ಆರ್‌ಆರ್ ನಂಬರ್ ______ಕ್ಕೆ ಸಂಬಂಧಿಸಿದ 24 ತಿಂಗಳ ರೀಡಿಂಗ್ ವಿವರ, ಮೀಟರ್ ಬದಲಾವಣೆ ವರದಿ, ನನ್ನ ಅರ್ಜಿಯ ಮೇಲಿನ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಎಂದು ದಾಖಲೆಗಳ ಹೆಸರು ಹಿಡಿದು ಕೇಳಿ.

ಮೊಬೈಲ್, ಬ್ರಾಡ್‌ಬ್ಯಾಂಡ್ ಬಿಲ್ಲು

ಇಲ್ಲಿ ಮೂರು ತಕರಾರುಗಳೇ ಮತ್ತೆ ಮತ್ತೆ ಬರುತ್ತವೆ: ಕೇಳದೆ ಸೇರಿಸಿದ ಸೇವೆಗೆ ಹಣ, ಪ್ಲಾನ್ ಬದಲಿಸಿದರೂ ಹಳೆಯ ದರ, ಕನೆಕ್ಷನ್ ಬಿಟ್ಟ ಮೇಲೂ ಬಿಲ್ಲು. ಕೇಳದೆ ಸೇರಿಸಿದ ಸೇವೆಯನ್ನು 155223ರಲ್ಲಿ ರದ್ದು ಮಾಡಿಸಬಹುದು. ಉಳಿದದ್ದಕ್ಕೆ ನಿಮ್ಮ ಮೊಬೈಲಿನಿಂದ 198ಕ್ಕೆ ಕರೆ ಮಾಡಿ ಡಾಕೆಟ್ ನಂಬರ್ ಪಡೆಯಿರಿ. ನಂಬರ್ ಕೊಡದ ಕರೆ ದೂರೇ ಅಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ಪರಿಹಾರ ಸಿಗದಿದ್ದರೆ 30 ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಡಾಕೆಟ್ ನಂಬರ್ ಹಾಕಿ ಇಮೇಲ್ ಮಾಡಬಹುದು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಟ್ರಾಯ್ ಸ್ವತಃ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ.

ಬ್ರಾಡ್‌ಬ್ಯಾಂಡ್ ಬಿಡುವಾಗ ರೂಟರ್ ಒಯ್ಯಲು ಬಂದ ಹುಡುಗನಿಂದ ಅದರ ಸೀರಿಯಲ್ ನಂಬರ್ ಬರೆದ ರಸೀದಿ ಇಲ್ಲದೆ ಪೆಟ್ಟಿಗೆ ಕೊಡಬೇಡಿ. ಯುಪಿಐ ಆಟೋಪೇ ಇದ್ದರೆ ಆ್ಯಪ್‌ಗೆ ಹೋಗಿ ಮ್ಯಾಂಡೇಟನ್ನೇ ರದ್ದು ಮಾಡಿ. ತಕರಾರಿಲ್ಲದ ಭಾಗವನ್ನು ಕಟ್ಟಿ, ಉಳಿದದ್ದು ತಕರಾರಿನಲ್ಲಿದೆ ಎಂದು ಇಮೇಲ್ ಹಾಕಿ. ವಸೂಲಿ ಏಜೆಂಟ್ ಕರೆ ಮಾಡಿದರೆ ಆ ಇಮೇಲನ್ನೇ ಕಳಿಸಿ.

ಕೊನೆಗೆ ಗ್ರಾಹಕರ ಆಯೋಗ

ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅದಕ್ಕೆ ಆದೇಶ ಮಾಡುವ ಅಧಿಕಾರವಿಲ್ಲ, ಆದರೂ ಟೆಲಿಕಾಂ ಕಂಪನಿಗಳು ಅಲ್ಲಿಂದ ಬಂದ ದೂರನ್ನು ಬೇಗ ನೋಡುತ್ತವೆ. ಫಲ ಸಿಗದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ನಿಮ್ಮ ಜಿಲ್ಲಾ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಕಂಪನಿಯ ಕಚೇರಿ ಮುಂಬೈನಲ್ಲಿದ್ದರೂ ಸರಿ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು. ಟೆಲಿಕಾಂ ದೂರು ಆಯೋಗಕ್ಕೆ ಬರುವುದಿಲ್ಲ ಎಂದು ಕಂಪನಿಯ ವಕೀಲರು ವಾದಿಸಿದರೆ, ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದ್ದನ್ನು ತೋರಿಸಿ.

ಇ-ಜಾಗೃತಿ ಪೋರ್ಟಲ್‌ನಲ್ಲೂ ಸಲ್ಲಿಸಬಹುದು. ದೂರು, ತಾರೀಖುವಾರು ಘಟನೆಗಳ ಪಟ್ಟಿ, ಪ್ರಮಾಣಪತ್ರ, ದಾಖಲೆಗಳು ಇಷ್ಟು ಬೇಕು. ಮೊಬೈಲ್ ಸ್ಕ್ರೀನ್‌ಶಾಟ್, ಕರೆಯ ಧ್ವನಿಮುದ್ರಣ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿಡಿ. ಪರಿಹಾರದ ಮೊತ್ತ ಲೆಕ್ಕಕ್ಕೆ ಸಿಗುವಂತಿರಲಿ: ಹೆಚ್ಚಾಗಿ ಕಟ್ಟಿದ ಹಣ, ಬಡ್ಡಿ, ಬಸ್ ಟಿಕೆಟ್ಟು, ಕೂಲಿ ನಷ್ಟ, ನ್ಯಾಯಯುತವಾದ ಒಂದು ಪರಿಹಾರ. ಆರು ಸಾವಿರದ ತಕರಾರಿಗೆ ಹತ್ತು ಲಕ್ಷ ಕೇಳಿದರೆ ದೂರಿನ ತೂಕವೇ ಇಳಿಯುತ್ತದೆ. ಒಬ್ಬರೇ ಹೋಗಲು ಅಳುಕಿದ್ದರೆ ಕೋರ್ಟ್ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ.

ಆದೇಶ ನಿಮ್ಮ ಪರವಾಗಿ ಬಂದರೂ ಕಂಪನಿ ಪಾಲಿಸದಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಿ. 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡಕ್ಕೆ ಅವಕಾಶವಿದೆ. ಬಿಲ್ಲು ಪರಿಷ್ಕರಣೆಯಾಗಿದೆ ಎಂದು ಪತ್ರ ಬಂದ ಮೇಲೂ ಮುಂದಿನ ಎರಡು ಬಿಲ್ಲಿನ ಹಿಂಬಾಕಿ ಮತ್ತು ಬಡ್ಡಿಯ ಸಾಲು ನೋಡಿ. ಅಸಲು ತೆಗೆದು ಬಡ್ಡಿ ಹಾಗೇ ಬಿಟ್ಟಿದ್ದರೆ, ಪರಿಷ್ಕರಣೆ ಪತ್ರವನ್ನು ಲಗತ್ತಿಸಿ ಉಪವಿಭಾಗಕ್ಕೆ ಇನ್ನೊಂದು ಅರ್ಜಿ ಕೊಡಿ.